ರೊಟ್ಟಿ ಬಡಿಯುವ ಕೈ

ಕಲಬುರಗಿಯ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗೆ ಹೋಗುವ ರಸ್ತೆ ಬೆಳಿಗ್ಗೆ ಹತ್ತಕ್ಕೆಲ್ಲ ತುಂಬಿಬಿಡುತ್ತದೆ. ಆಟೋಗಳು, ಬಟ್ಟೆ ಅಂಗಡಿ ಮುಂದಿನ ಬೈಕುಗಳು, ಹಣ್ಣಿನ ಬಂಡಿಗಳು. ನನಗೆ ಬೇಕಾದ ಜಾಗ ಈ ಗದ್ದಲದ ಹಿಂದಿನ ಒಂದು ಓಣಿಯಲ್ಲಿತ್ತು. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿದ ಹೆಂಗಸರು ಅಲ್ಲಿಗೆ ಬರುತ್ತಾರೆ ಎಂದು ಕೇಳಿದ್ದೆ. ಅದೆಲ್ಲ ಮುಗಿದ ಮೇಲೂ ಮೈಯಲ್ಲಿ, ಮನಸ್ಸಿನಲ್ಲಿ ಉಳಿದುಕೊಳ್ಳುವುದನ್ನು ಅಲ್ಲಿ ನೋಡಿಕೊಳ್ಳುತ್ತಾರಂತೆ.

ಓಣಿಯ ಬಾಯಲ್ಲಿರುವ ಔಷಧದ ಅಂಗಡಿಯಲ್ಲಿ ದಾರಿ ಕೇಳಿದೆ. ಕೌಂಟರಿನ ಹುಡುಗ ಮೊದಲು ಅಕ್ಕಪಕ್ಕ ನೋಡಿ, ಆಮೇಲೆ ದನಿ ತಗ್ಗಿಸಿ, 'ಆ ಹಸಿರು ಗೇಟ್ ರೀ' ಎಂದ. ಗೇಟಿನ ಮೇಲಿನ ಫಲಕದಲ್ಲಿ ಮಹಿಳೆಯರ ಆರೋಗ್ಯದ ಬಗ್ಗೆ ಏನೋ ಇದೆ, ಕ್ಯಾನ್ಸರ್ ಎಂಬ ಪದ ಮಾತ್ರ ಎಲ್ಲೂ ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ ಎಂದು ಒಳಗೆ ಹೋದ ಮೇಲೆ ತಿಳಿಯಿತು. ಆ ಪದ ಬರೆದರೆ ಓಣಿಗೆ ಕಾಲಿಡುವ ಪ್ರತಿ ಹೆಂಗಸಿನ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟುತ್ತದೆ. ನನ್ನನ್ನು ಒಳಗೆ ಬಿಟ್ಟದ್ದು ಸಹ ಒಂದು ಮಾತಿನ ಮೇಲೆ. ಜಾಗದ ಹೆಸರು ಬೇಡ, ಯಾರ ಹೆಸರೂ ಬೇಡ.

ಬಾಗಿಲ ಹೊರಗೆ ಕಟ್ಟೆಯ ಮೇಲೆ ಒಂದಷ್ಟು ಗಂಡಸರು ಕೂತಿದ್ದರು. ಗಂಡಸರು ಒಳಗೆ ಬರಬಾರದು ಎಂಬ ನಿಯಮವೇನಿಲ್ಲವಂತೆ, ಅವರೇ ಬರುವುದಿಲ್ಲ. ವಯಸ್ಸಾದ ಒಬ್ಬರ ತೊಡೆಯ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ. ಅದರೊಳಗೆ ಸ್ಕ್ಯಾನಿಂಗ್ ಕವರುಗಳು, ಫೈಲು, ರೇಷನ್ ಕಾರ್ಡಿನ ಝೆರಾಕ್ಸ್. ನಾನು ಅಲ್ಲಿ ಕೆಲಸ ಮಾಡುವವಳು ಎಂದುಕೊಂಡರೋ ಏನೋ, 'ಇನ್ನಾ ಭಾಳ ಹೊತ್ತು ಆಗ್ತದೇನ್ರೀ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ. 'ಆಗ್ಲಿ ಬಿಡ್ರಿ, ಒಳಗ ಹೋದ್ರ ನಗ್ಕೋತ ಬರ್ತಾಳ' ಎಂದು ಚೀಲ ಸರಿಮಾಡಿಕೊಂಡು ಕೂತರು.

ಒಳಗಿನ ಮೊದಲ ಕೋಣೆ ಹಳೆಯ ಮನೆಯ ಪಡಸಾಲೆ. ಶಹಾಬಾದ್ ಕಲ್ಲಿನ ನೆಲ, ಗೋಡೆಗುಂಟ ಬೆಂಚು. ಇಲ್ಲೂ ಎಲ್ಲರ ಕಾಲ ಬಳಿ ಅಂಥದೇ ಚೀಲಗಳು. ಕವರುಗಳ ಮೇಲೆ ಅಚ್ಚಾದ ಊರುಗಳನ್ನು ಓದುತ್ತ ಹೋದರೆ ಈ ಭಾಗದ ಹೆಂಗಸರು ಚಿಕಿತ್ಸೆಗೆ ಅಲೆದ ದಾರಿಯೆಲ್ಲ ಸಿಗುತ್ತದೆ. ಸೋಲಾಪುರ, ಹೈದರಾಬಾದ್, ಬಾರ್ಶಿ, ಬೆಂಗಳೂರು, ಈಚಿನವುಗಳಲ್ಲಿ ಕಲಬುರಗಿಯೂ ಉಂಟು. ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ ಸರ್ಕಾರವೇ ಹಣ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲಿ ಮೊಟ್ಟಮೊದಲು ಶುರುವಾದದ್ದು ಇದೇ ಗುಲಬರ್ಗಾ ವಿಭಾಗದಲ್ಲಿ. 2018ರಿಂದ ಆ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಈ ಬೆಂಚಿನ ಮೇಲಿದ್ದವರಲ್ಲಿ ಹಲವರು ಆ ಕಾರ್ಡಿನಿಂದಲೇ ಬದುಕಿ ಬಂದವರು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡೂ ಇಲ್ಲವಾಗಿ, ತಿಂಗಳಿಗೊಮ್ಮೆ ಜಗತ್‌ಗೆ ಬಂದು ಹೋಗುವುದು ಹಗುರಾಗಿದೆ ಎಂದು ಆಳಂದ ಕಡೆಯವರೊಬ್ಬರು ಹೇಳಿದರು. 'ಮದ್ಲ ಬಸ್ ಚಾರ್ಜಿಗೂ ಮಗನ ಕಡೆ ಕೈ ಚಾಚಬೇಕಾಗ್ತಿತ್ರೀ. ಅದಕ್ಕೇ ಬರ್ತಿದ್ದಿಲ್ಲ.'

ಯಾರು ಕಾಯಿಲೆ ದಾಟಿದವರು, ಯಾರು ಜೊತೆಗೆ ಬಂದವರು ಎಂದು ನೋಡಿ ಹೇಳುವುದು ನನ್ನಿಂದ ಆಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದವರೆಲ್ಲ ಕೂದಲು ಹೋದವರಲ್ಲ, ಈ ಸೀಮೆಯಲ್ಲಿ ಸೆರಗು ಹೊದೆಯುವುದು ಹಾಗೆಯೂ ವಾಡಿಕೆ. ಮೂಲೆಯಲ್ಲಿ ಗಟ್ಟಿಮುಟ್ಟಾಗಿ ಕೂತು ಎಲ್ಲರನ್ನೂ ಮಾತಾಡಿಸುತ್ತಿದ್ದವರನ್ನು ಇಲ್ಲಿನ ಕೆಲಸದವರೆಂದು ತಿಳಿದಿದ್ದೆ. ಅವರಿಗೆ ಎರಡೂ ಕಡೆ ಆಪರೇಷನ್ ಆಗಿದೆಯಂತೆ.

ಮೇಜಿನ ಹಿಂದೆ ರಿಜಿಸ್ಟರ್ ಹಿಡಿದು ಒಬ್ಬ ಹುಡುಗಿ. ಅವಳು ಕೇಳುವ ಪ್ರಶ್ನೆಗಳನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಯಾವ ಕಡೆ ಆಪರೇಷನ್, ಯಾವಾಗ ಆಯಿತು, ಕರೆಂಟ್ ಕೊಟ್ಟಿದ್ದರಾ, ಗುಳಿಗಿ ನಡೆದಿದೆಯಾ. ರೇಡಿಯೇಷನ್ನಿಗೆ ಇಲ್ಲಿ ಎಲ್ಲರೂ ಕರೆಂಟ್ ಎನ್ನುತ್ತಾರೆ. ಆಮೇಲಿನ ಪ್ರಶ್ನೆಗಳು ಆಸ್ಪತ್ರೆಯ ಫೈಲಿನಲ್ಲಿ ನಾನು ಕಂಡಿರದಂಥವು. ರಾತ್ರಿ ನಿದ್ದೆ ಬರುತ್ತದಾ? ಬಳೆ ಏರುತ್ತದಾ? ತಲೆ ನೀವೇ ಬಾಚಿಕೊಳ್ಳುತ್ತೀರಾ? ಕುಪ್ಪಸದ ಹಿಂದಿನ ಗುಂಡಿ ಹಾಕಲು ಬರುತ್ತದಾ? ಕೊನೆಯ ಕಾಲಂ, 'ಏನು ಮಾಡಬೇಕಂತ ಆಸೆ ಅದ?' ಹಿಂದಿನ ಹಾಳೆಗಳ ಆ ಕಾಲಂ ಮಾತ್ರ ನೋಡಲು ಬಿಟ್ಟರು. ಒಬ್ಬರು ಮೊಮ್ಮಗನನ್ನು ಎತ್ತಿಕೊಳ್ಳಬೇಕು ಎಂದಿದ್ದರು. ಒಬ್ಬರಿಗೆ ನಮಾಜಿನಲ್ಲಿ ಸಜ್ದಾ ಮಾಡುವಾಗ ಕೈಯೂರಿ ಏಳಬೇಕು. ಕೂಲಿಗೆ ಹೋಗಬೇಕು, ಮದುವೆಗೆ ಹೋಗಬೇಕು ಎಂದವರಿದ್ದರು. ಸುಮಾರು ಎಲ್ಲ ಹಾಳೆಯಲ್ಲೂ ಒಂದಾದರೂ ಸಾಲು ಹೀಗಿತ್ತು: ರೊಟ್ಟಿ ಬಡೀಬೇಕು.

ಪಕ್ಕದಲ್ಲಿ ಟೇಪು ಹಿಡಿದು ತೋಳು ಅಳೆಯುವವರು. ಮುಂಗೈ, ಮೊಣಕೈ, ರಟ್ಟೆ, ಹೀಗೆ ಕೆಲವು ಸೆಂಟಿಮೀಟರಿಗೊಮ್ಮೆ ಸುತ್ತಳತೆ ಬರೆದುಕೊಂಡು, ಎರಡೂ ಕೈಗಳನ್ನು ಹೋಲಿಸುತ್ತಾರೆ. ಕಾರಣ ಕೇಳಿದೆ. ನಮ್ಮ ಬಗಲಲ್ಲಿ 20ರಿಂದ 30ರಷ್ಟು ಲಿಂಫ್ ಗ್ರಂಥಿಗಳಿರುತ್ತವೆ. ಕೈಯಿಂದ ಮೇಲೆ ಬರುವ ಒಂದು ಬಗೆಯ ನೀರು ಅವುಗಳ ಮೂಲಕ ಹರಿದು ರಕ್ತಕ್ಕೆ ಸೇರಬೇಕು. ಕ್ಯಾನ್ಸರ್ ಹರಡುವ ದಾರಿಯೂ ಅದೇ ಆದ್ದರಿಂದ ಸ್ತನದ ಜೊತೆ ಆ ಗ್ರಂಥಿಗಳನ್ನೂ ತೆಗೆಯುತ್ತಾರೆ, ಆ ಮೇಲೆ ಕರೆಂಟ್ ಕೊಡುತ್ತಾರೆ. ಕಾಲುವೆ ಮುಚ್ಚಿದ ಹೊಲದಲ್ಲಿ ನೀರು ನಿಂತ ಹಾಗೆ ಕೆಲವರ ಕೈಯಲ್ಲಿ ಆ ನೀರು ನಿಲ್ಲುತ್ತದೆ, ಕೈ ಬಾಯುತ್ತದೆ. ಇದೇ ಲಿಂಫೆಡೀಮಾ. ಬಗಲಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಆಪರೇಷನ್ ಆದ ತಿಂಗಳಲ್ಲೂ ಬರಬಹುದು, ವರ್ಷಗಳು ಕಳೆದು ಇನ್ನು ಬರುವುದಿಲ್ಲ ಎಂದು ಮರೆತಾಗಲೂ ಬರಬಹುದು. ಬಂದ ಮೇಲೆ ಪೂರ್ತಿ ಹೋಗಿಸುವುದು ಕಷ್ಟ, ಆದರೆ ಬೇಗ ಹಿಡಿದರೆ ಹತೋಟಿಯಲ್ಲಿಡಬಹುದು. ಕಣ್ಣಿಗೆ ಕಾಣುವ ಮೊದಲೇ ಟೇಪಿಗೆ ಸಿಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ದರ್ಜಿ ಟೇಪು!

ಈಗ ಎಲ್ಲರ ಗ್ರಂಥಿಗಳನ್ನೂ ತೆಗೆಯುವುದಿಲ್ಲ. ಮೊದಲ ಒಂದೆರಡು ಗ್ರಂಥಿಗಳನ್ನು ಮಾತ್ರ ಪರೀಕ್ಷಿಸಿ, ಅವು ಚೊಕ್ಕಟವಾಗಿದ್ದರೆ ಉಳಿದವನ್ನು ಬಿಡುವ ವಿಧಾನವಿದೆ; ಅದರಲ್ಲಿ ಕೈ ಬಾಯುವ ಅಪಾಯ ಬಹಳ ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಲವು ದಶಕ ಜಗತ್ತಿನಲ್ಲೆಲ್ಲ ಸ್ತನದ ಜೊತೆ ಎದೆಯ ಸ್ನಾಯುವನ್ನೂ ಬಗಲಿನದೆಲ್ಲವನ್ನೂ ಕಿತ್ತು ತೆಗೆಯುವ ಆಪರೇಷನ್ನೇ ನಡೆದಿತ್ತು. ಅಷ್ಟೊಂದು ಕತ್ತರಿಸಿದರೂ ಹೆಚ್ಚು ಜನ ಬದುಕುವುದಿಲ್ಲ, ಬೇಗ ಪತ್ತೆಯಾದರೆ ಗಂಟು ಮಾತ್ರ ತೆಗೆದು ಕರೆಂಟ್ ಕೊಟ್ಟರೂ ಅಷ್ಟೇ ಫಲ ಎಂದು 1970–80ರ ದಶಕಗಳ ದೊಡ್ಡ ಅಧ್ಯಯನಗಳಿಂದ ಸಾಬೀತಾಯಿತು. ಆದರೆ ಇದೆಲ್ಲದರ ಲಾಭ ಸಿಗುವುದು ಗಂಟು ಸಣ್ಣದಿದ್ದಾಗ ಬಂದವರಿಗೆ. ಈ ಬೆಂಚಿನ ಮೇಲಿದ್ದವರಲ್ಲಿ ನಾನು ಮಾತಾಡಿಸಿದ ಯಾರಿಗೂ ಸ್ತನ ಉಳಿದಿರಲಿಲ್ಲ. ನೋವಿಲ್ಲ ಎಂದು ಸುಮ್ಮನಿದ್ದೆವು, ರಾಶಿ ಮುಗಿಯಲಿ ಎಂದು ಸುಮ್ಮನಿದ್ದೆವು, ತೋರಿಸಲು ನಾಚಿಕೆಯಾಗಿ ಸುಮ್ಮನಿದ್ದೆವು ಎಂದರು.

ಮುಂದಿನದು ವ್ಯಾಯಾಮದ ಕೋಣೆ. ಬಾಗಿಲು ದಾಟುತ್ತಿದ್ದಂತೆ ಎದುರಿನ ಗೋಡೆಯ ತುಂಬ ಪೆನ್ಸಿಲ್ ಗೆರೆಗಳು, ಗೆರೆಗಳ ಪಕ್ಕ ತಾರೀಖು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲೆ ನಡೆಸುತ್ತ ಹೋಗಬೇಕು; ಎಳೆತ ಬಂದಲ್ಲಿ ನಿಲ್ಲಿಸಬೇಕು; ಅಲ್ಲಿ ಗೆರೆ. ಕತ್ತರಿಸಿದ ಜಾಗದ ಚರ್ಮ, ಕರೆಂಟ್ ತಗುಲಿದ ಸ್ನಾಯು ಬಿಗಿದುಕೊಂಡು ಭುಜ ಗಡುಸಾಗುತ್ತದೆ. ನೋವೆಂದು ಕೈಯನ್ನು ಮೈಗಂಟಿಸಿಕೊಂಡೇ ಇಟ್ಟರೆ ಕೀಲು ಪೂರ್ತಿ ಹಿಡಿದುಬಿಡುತ್ತದೆ. ಕಿಟಕಿಯ ಸರಳಿಗೆ ಕಟ್ಟಿದ ರಾಟೆಯ ಹಗ್ಗದಲ್ಲಿ ಒಳ್ಳೆಯ ಕೈಯಿಂದ ಎಳೆದು ಇನ್ನೊಂದು ಕೈಯನ್ನು ಮೇಲೆತ್ತುತ್ತಿದ್ದರು ಒಬ್ಬರು. ಇಬ್ಬರು ಕೋಲು ಹಿಡಿದು ಕೈಗಳನ್ನು ತಲೆಯ ಮೇಲೆ ಒಯ್ಯುತ್ತಿದ್ದರು.

ಒಂದು ಮೂಲೆಯಲ್ಲಿ ನೆಲದ ಮೇಲೆ ರೊಟ್ಟಿ ಬಡಿಯುವ ಹಲಗೆ, ಪರಾತದಲ್ಲಿ ನಾದಿದ ಜೋಳದ ಹಿಟ್ಟು. ನಾನು ಅಲ್ಲೇ ನಿಂತುಬಿಟ್ಟೆ.

ಕಲಬುರಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿ ಬಡಿಯುವುದೆಂದರೆ ಅಂಗೈಯಿಂದ ರಟ್ಟೆಯವರೆಗೆ, ಭುಜದಿಂದ ಸೊಂಟದವರೆಗೆ ಇಡೀ ಮೈ ದುಡಿಯುವ ಕೆಲಸ. ಬಿಸಿನೀರು ಹಾಕಿ ನಾದಬೇಕು, ತಟ್ಟಬೇಕು, ತಿರುಗಿಸಬೇಕು, ಅಂಗೈ ಮೇಲೆ ಎತ್ತಿ ಉರಿಯುವ ಹಂಚಿಗೆ ಹಾಕಬೇಕು. ಕೂಡುಕುಟುಂಬದಲ್ಲಿ ಒಂದು ಹೊತ್ತಿಗೆ ಇಪ್ಪತ್ತು–ಮೂವತ್ತು ರೊಟ್ಟಿ. 'ಆ ಕೈಲೆ ಭಾರ ಎತ್ತಬ್ಯಾಡ್ರಿ' ಎಂದು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿ ಕಳಿಸುತ್ತಾರೆ. ಮನೆಗೆ ಬಂದರೆ ಆ ಮಾತಿಗೆ ಎರಡೇ ದಾರಿ. ಒಂದೋ ಮಾತು ಮರೆತು ಮೊದಲ ದಿನದಿಂದಲೇ ಎಲ್ಲ ರೊಟ್ಟಿ ಬಡಿಯುವುದು, ಇಲ್ಲವೇ ಒಲೆಯ ಮುಂದಿನಿಂದ ಎದ್ದು ಮೂಲೆಗೆ ಸೇರುವುದು. ಎರಡನೆಯದು ಹೆಚ್ಚು ಕೆಟ್ಟದ್ದು ಎಂದು ಇಲ್ಲಿನ ಹೆಂಗಸರು ಹೇಳುತ್ತಾರೆ. ಒಬ್ಬ ಅತ್ತೆಯವರ ಮಾತು: 'ಸೊಸಿ ಛಲೋ ನೋಡ್ಕೋತಾಳ್ರೀ, ಹಂಗಲ್ಲ. ಆದ್ರ ನಾ ಬಡದ ರೊಟ್ಟಿ ಮನ್ಯಾಗ ಯಾರೂ ಉಣ್ಣಂಗಿಲ್ಲಂದ್ರ ನಾ ಯಾಕ ಉಳದೀನಿ ಅನಸ್ತದ.'

ಅದಕ್ಕೇ ಇಲ್ಲಿ ಮೂರನೆಯ ದಾರಿ ಹಿಡಿದಿದ್ದಾರೆ. ಮೊದಲ ವಾರ ಬರೀ ಹಿಟ್ಟು ನಾದುವುದು. ಆಮೇಲೆ ಒಂದು ರೊಟ್ಟಿ, ಎರಡು, ನಾಲ್ಕು. ಪ್ರತಿ ಸಲ ತೋಳಿನ ಅಳತೆ. ಅಳತೆ ಏರಿದರೆ ಒಂದು ಹೆಜ್ಜೆ ಹಿಂದಕ್ಕೆ. ಹಲಗೆ ಮೊಣಕಾಲಿನ ಎತ್ತರಕ್ಕಿದ್ದರೆ ಭುಜಕ್ಕೆ ಹಗುರ ಎಂದು ಒಂದನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಇದು ಸರಿಯೇ, ಅಪಾಯವಲ್ಲವೇ ಎಂದು ಫಿಸಿಯೋಥೆರಪಿಸ್ಟ್ ಅನ್ನು ಕೇಳಿದೆ. ಅವರು ಅಮೆರಿಕದ ಒಂದು ಅಧ್ಯಯನದ ಬಗ್ಗೆ ಹೇಳಿದರು. 2009ರಲ್ಲಿ ಪ್ರಕಟವಾದ ಅದರಲ್ಲಿ, ಆಗಲೇ ಕೈ ಬಾತಿದ್ದ 141 ಮಹಿಳೆಯರಲ್ಲಿ ಅರ್ಧ ಜನಕ್ಕೆ ವಾರಕ್ಕೆ ಎರಡು ಸಲ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಭಾರ ಎತ್ತಿಸಿದರು. ವರ್ಷದ ಕೊನೆಗೆ ಅವರ ಕೈ ಬಾವು ಇನ್ನೊಂದು ಗುಂಪಿಗಿಂತ ಹೆಚ್ಚಾಗಿರಲಿಲ್ಲ. ಬಾವು ಕೆರಳುವುದೂ ಕಡಿಮೆಯಾಗಿತ್ತು, ಬಲ ಹೆಚ್ಚಿತ್ತು. ಅಲ್ಲಿ ಡಂಬೆಲ್ ಎತ್ತಿಸಿದ್ದು. ಜೋಳದ ರೊಟ್ಟಿಯನ್ನು ಯಾರೂ ಅಳೆದು ನೋಡಿಲ್ಲ, ತತ್ವ ಅದೇ ಎಂದು ನಾವು ನಂಬಿದ್ದೇವೆ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ನನಗೂ ಆ ನಂಬಿಕೆ ಸರಿ ಎನಿಸುತ್ತದೆ. ಏಕೆಂದರೆ ಡಂಬೆಲ್ ಎತ್ತಲು ಹೇಳಿದರೆ ಇವರಲ್ಲಿ ಯಾರು ತಾನೇ ಮನೆಗೆ ಹೋಗಿ ಎತ್ತುತ್ತಾರೆ? ರೊಟ್ಟಿಯನ್ನು ದಿನಾ ಬಡಿಯುತ್ತಾರೆ.

ಹಲಗೆಯ ಮುಂದೆ ಕೂತಿದ್ದವರು ನಾನು ನೋಡನೋಡುತ್ತಲೇ ಒಂದು ರೊಟ್ಟಿ ಮುಗಿಸಿದರು. ಅಂಚು ಒಂದು ಕಡೆ ಹರಿದಿತ್ತು. 'ಹಿಟ್ಟು ಜಿಗಿ ಇಲ್ರೀ' ಎಂದು ತಪ್ಪನ್ನು ಹಿಟ್ಟಿನ ಮೇಲೆ ಹಾಕಿ, ಮತ್ತೊಂದು ಉಂಡೆ ತಗೊಂಡರು.

ಒಳಗಿನ ಚಿಕ್ಕ ಕೋಣೆಯಲ್ಲಿ ಬಾತ ಕೈಗಳ ಆರೈಕೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಲು ನನಗೆ ಆಗಲಿಲ್ಲ, ನಿಂತಷ್ಟು ಹೊತ್ತು ಕಂಡದ್ದು ಬರೆಯುತ್ತೇನೆ. ಮಂಚದ ಮೇಲೆ ಮಲಗಿದವರ ಕೈಯನ್ನು ದಿಂಬಿನ ಮೇಲೆತ್ತಿ, ಚರ್ಮದ ಮೇಲೆ ಮಾತ್ರ ಹಗುರಾಗಿ ಸವರುತ್ತ ನೀರನ್ನು ಭುಜದತ್ತ ಒಯ್ಯುತ್ತಾರೆ. ಎಣ್ಣೆ ಹಚ್ಚಿ ತಿಕ್ಕುವ ನಮ್ಮ ಮಾಲೀಸಿನಂತಲ್ಲ, ಗಟ್ಟಿಯಾಗಿ ತಿಕ್ಕಿದರೆ ಕೆಡುಕೇ. ಆಮೇಲೆ ಪದರ ಪದರವಾಗಿ ಪಟ್ಟಿ ಸುತ್ತುತ್ತಾರೆ. ಬಾವು ಇಳಿದ ಮೇಲೆ ಬಿಗಿಯಾದ ಸ್ಲೀವ್. ಇದನ್ನು ಹಗಲೆಲ್ಲ ಹಾಕಿಕೊಂಡಿರಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ಮುಂಗೈಯಿಂದ ರಟ್ಟೆಯವರೆಗೆ ರಬ್ಬರಿನಂಥ ಬಟ್ಟೆ. ಬೆವರಿ, ತುರಿಸಿ, ಎಷ್ಟೋ ಜನ ಬಿಚ್ಚಿ ಎಸೆಯುತ್ತಾರೆ. ಆಪರೇಷನ್ನಿಗೆ, ಕೀಮೋಕ್ಕೆ, ಕರೆಂಟಿಗೆ ಸರ್ಕಾರದ ಕಾರ್ಡು ನಡೆದಿತ್ತು, ಸ್ಲೀವ್ ಮಾತ್ರ ಕೈಯಿಂದ ದುಡ್ಡು ಹಾಕಿ ತಗೊಂಡದ್ದು ಎಂದು ಅಲ್ಲಿದ್ದವರೆಲ್ಲ ಹೇಳಿದರು. ಆರು ತಿಂಗಳಲ್ಲಿ ಅದರ ಬಿಗಿ ಹೋಗುತ್ತದೆ, ಮತ್ತೊಂದು ಬೇಕು. ಜೀವ ಉಳಿಸಲು ಅಷ್ಟು ಖರ್ಚು ಮಾಡಿದ ಸರ್ಕಾರ ಆ ಜೀವ ದುಡಿಯಲು ಬೇಕಾದ ಒಂದು ತೋಳುಚೀಲಕ್ಕೆ ಏಕೆ ಹಿಂಜರಿಯಬೇಕು ಎಂದು ನನಗೆ ಅರ್ಥವಾಗಲಿಲ್ಲ.

ಈ ಕೈಗೆ ಗಾಯವಾಗದಂತೆಯೂ ನೋಡಿಕೊಳ್ಳಬೇಕು. ತೊಗರಿ ಕಟಾವಿನ ಕುಡುಗೋಲು, ಜಾಲಿಮುಳ್ಳು, ಹಂಚಿನ ಸುಟ್ಟಗಾಯ, ಯಾವುದರಿಂದ ಕೀವಾದರೂ ಇಡೀ ಕೈ ಕೆಂಪಾಗಿ ಜ್ವರ ಏರುತ್ತದೆ. ಆಗ ಅದೇ ದಿನ ಡಾಕ್ಟರ ಬಳಿ ಓಡಬೇಕು. ಆ ಕೈಗೆ ಸೂಜಿ ಚುಚ್ಚಿಸಬೇಡಿ, ಬಿಪಿ ಪಟ್ಟಿ ಕಟ್ಟಿಸಬೇಡಿ ಎಂದೂ ಹೇಳುತ್ತಾರೆ. ಆ ಭಯ ಅತಿಯಾಯಿತೇನೋ ಎಂದು ಈಚಿನ ಕೆಲವು ಅಧ್ಯಯನಗಳು ಸೂಚಿಸಿವೆಯಾದರೂ, ಇನ್ನೊಂದು ಕೈ ಇರುವಾಗ ಅದರಲ್ಲೇ ಮಾಡಿಸಿದರಾಯಿತು ಎಂಬುದು ಇಲ್ಲಿನವರ ನಿಲುವು. ತಾಯಿತ, ಹರಕೆಯ ದಾರವನ್ನು ಈ ರಟ್ಟೆಗೆ ಬಿಗಿದು ಕಟ್ಟಬಾರದು. ಶರಣಬಸಪ್ಪನ ಗುಡಿಯದೋ, ಬಂದೇನವಾಜರ ದರ್ಗಾದ್ದೋ ದಾರವಿದ್ದರೆ ಬಿಚ್ಚಿ ಎಂದು ಹೇಳುವುದಿಲ್ಲ, 'ಇನ್ನೊಂದು ಕೈಗೆ ಕಟ್ಕೋರಿ ಖಾಲಾ, ದುವಾ ಎಲ್ಲಿ ಹೋಗ್ತದ' ಎನ್ನುತ್ತಾರೆ. ಬಳೆಗಳ ಮಾತು ಮಾತ್ರ ಇಷ್ಟು ಸಲೀಸಲ್ಲ. ಮುತ್ತೈದೆಯ ಒಂದು ಕೈ ಬರಿದಾಗಿದ್ದರೆ ಸೀಮಂತದಲ್ಲಿ, ಮದುವೆಯಲ್ಲಿ ಕಣ್ಣುಗಳೆಲ್ಲ ಅಲ್ಲಿಗೇ ಹೋಗುತ್ತವೆ. ಇಲ್ಲಿ ಒಂದು ಡಬ್ಬಿಯ ತುಂಬ ದೊಡ್ಡ ಅಳತೆಯ ಹಸಿರು ಗಾಜಿನ ಬಳೆ ತಂದಿಟ್ಟಿದ್ದಾರೆ. ಬಿಗಿಯಾಗಬಾರದು, ಅಷ್ಟೇ.

ಹೊಲಿಗೆ ಮಷೀನಿರುವ ಕೋಣೆಯಲ್ಲಿ ಇಬ್ಬರು ಕುಪ್ಪಸದ ಒಳಗೆ ಇಟ್ಟುಕೊಳ್ಳುವ ಪ್ಯಾಡ್ ಹೊಲಿಯುತ್ತಿದ್ದರು. ಮೆತ್ತನೆಯ ಹತ್ತಿಬಟ್ಟೆಯೊಳಗೆ ಅರಳೆ, ತೂಕಕ್ಕೆ ಸಾಸಿವೆಯ ಸಣ್ಣ ಚೀಲ. ತೂಕ ಏಕೆಂದು ಕೇಳಿದೆ. ಒಂದು ಕಡೆ ಭಾರವಿಲ್ಲದಿದ್ದರೆ ಮೈ ಒಂದು ಕಡೆ ಜಗ್ಗುತ್ತದೆ, ಕತ್ತು, ಬೆನ್ನು ನೋಯುತ್ತವೆ. ಸಿಲಿಕೋನಿನದು ಸಾವಿರಾರು ರೂಪಾಯಿ, ಬೇಸಿಗೆಯಲ್ಲಿ ಬೆವರಿಗೆ ಅಂಟುತ್ತದೆ. ಇದನ್ನು ಒಗೆದು ಒಣಗಿಸಬಹುದು. ಎಲ್ಲರೂ ಇದನ್ನು ಬಯಸುವುದಿಲ್ಲ ಎಂದೂ ಹೇಳಿದರು. ವಯಸ್ಸಾದವರು ಸೆರಗು ಮುಚ್ಚಿಕೊಂಡರೆ ಸಾಕು ಎನ್ನುತ್ತಾರೆ. ಆದರೆ ಎಪ್ಪತ್ತು ದಾಟಿದ ಒಬ್ಬ ಆಯಿ ಮೂರು ಸಲ ಅಳತೆ ಸರಿಮಾಡಿಸಿಕೊಂಡು ಹೋದರಂತೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವಯಸ್ಸು ನೋಡಿ ತೀರ್ಮಾನಿಸಬಾರದು ಎಂದು ಅವತ್ತೇ ಕಲಿತೆವು ಎಂದರು ಹೊಲಿಯುವವರು.

ಹಿತ್ತಲ ಕಡೆಗೊಂದು ಮುಚ್ಚಿದ ಬಾಗಿಲು. ಅದು ಮಾತಿನ ಕೋಣೆ. ನಾನು ಒಳಗೆ ಹೋಗಲಿಲ್ಲ, ಹೋಗುವುದು ಸರಿಯೂ ಅಲ್ಲ. ಆಪ್ತಸಮಾಲೋಚಕಿ ಹೊರಗೆ ಬಂದು ಹಿತ್ತಲಿನ ಬೇವಿನ ಕೆಳಗೆ ಕೂತು ಮಾತಾಡಿದರು, ಆಮೇಲೆ ಕೆಲವು ಹೆಂಗಸರೂ ಬಂದು ಸೇರಿದರು.

ಎಲ್ಲರೂ ಮೊದಲು ಹೇಳಿದ್ದು ಭಯದ ಬಗ್ಗೆ. ಬೆನ್ನು ನೋಯಿತೇ, ಎಲುಬಿಗೆ ಬಂತೇನೋ. ಕೆಮ್ಮು ಬಂತೇ, ಪುಪ್ಪುಸಕ್ಕೆ ಇಳಿಯಿತೇನೋ. ತಪಾಸಣೆಯ ತಾರೀಖು ಹತ್ತಿರವಾದಂತೆ ನಿದ್ದೆ ಹೋಗುತ್ತದೆ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಇನ್ನೂ ದೂರ ದೂರಕ್ಕೆ ತಪಾಸಣೆ ಇರುತ್ತದೆ. ಅಂದರೆ ಆ ಭಯಕ್ಕೂ ಒಂದು ಪಂಚಾಂಗವಿದೆ. ಚಿಕಿತ್ಸೆ ನಡೆದಷ್ಟು ದಿನ ಧೈರ್ಯದಿಂದ ಇದ್ದವರು ಎಲ್ಲ ಮುಗಿದು ಡಾಕ್ಟರು 'ಇನ್ನು ಆರಾಮ್ ಇದ್ದೀರಿ, ಹೋಗ್ರಿ' ಎಂದ ಮೇಲೆ ಕುಸಿಯುವುದು ಹೆಚ್ಚು ಎಂದು ಸಮಾಲೋಚಕಿ ಹೇಳಿದರು. ಆಸ್ಪತ್ರೆಗೆ ಓಡಾಡುವಾಗ ಸುತ್ತ ಜನ ಇರುತ್ತಾರೆ, ಮಾಡಲು ಏನಾದರೂ ಇರುತ್ತದೆ. ಮುಗಿದ ಮೇಲೆ ಮನೆಯವರಿಗೆ ಅದು ಮುಗಿದ ಕತೆ, ಇವರಿಗೆ ಅಲ್ಲ.

ಗುಳಿಗಿಯ ಕಷ್ಟ ಬೇರೆ. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಇದ್ದವರು ಐದು ವರ್ಷ, ಕೆಲವರು ಹತ್ತು ವರ್ಷ ದಿನಾ ಒಂದು ಗುಳಿಗಿ ನುಂಗಬೇಕು. ಟಾಮೊಕ್ಸಿಫೆನ್ 1977ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹಳೆಯ ಔಷಧ, ಅಗ್ಗದ್ದು, ಎಷ್ಟೋ ಲಕ್ಷ ಹೆಂಗಸರ ಜೀವ ಉಳಿಸಿದ್ದು. ಅದು ಮೈಯಲ್ಲಿ ಬಿಸಿಯ ಅಲೆ ಎಬ್ಬಿಸುತ್ತದೆ. ಮುಟ್ಟು ನಿಂತವರಿಗೆ ಕೊಡುವ ಬೇರೆ ಗುಳಿಗಿಗಳು ಕೀಲುಗಳಲ್ಲಿ ನೋವು ತರುತ್ತವೆ, ಎಲುಬು ಸವೆಸುತ್ತವೆ. ಕೀಮೋದ ಕೆಲವು ಔಷಧಗಳಿಂದ ಅಂಗಾಲು, ಬೆರಳತುದಿ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತವೆ. ಬರಿಗಾಲಲ್ಲಿ ನಡೆದರೆ ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ. ಇದನ್ನೆಲ್ಲ ಮೊದಲೇ ಯಾರೂ ಹೇಳದಿದ್ದರೆ ಹೆಂಗಸರು ಇದೆಲ್ಲ ಕ್ಯಾನ್ಸರ್ ಮರಳಿದ್ದೇ ಎಂದು ತಿಳಿಯುತ್ತಾರೆ, ಇಲ್ಲವೇ 'ಗುಳಿಗಿಲೆ ಮೈ ಉರೀತದ' ಎಂದು ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ. ಹಾಗೆ ನಿಲ್ಲಿಸಿದರೆ ಕ್ಯಾನ್ಸರ್ ಮರಳುವ ಅಪಾಯ ನಿಜವಾಗಿ ಹೆಚ್ಚುತ್ತದೆ. ಗುಳಿಗಿಯ ಬಗ್ಗೆ ಗೊತ್ತಿರುವ ಇನ್ನೊಬ್ಬ ಹೆಂಗಸು ಪಕ್ಕದಲ್ಲಿ ಕೂತು 'ನಂಗೂ ಹಿಂಗೇ ಆಗಿತ್ತು' ಎಂದರೆ ಆಗುವ ಉಪಕಾರ ದೊಡ್ಡದು. ನ್ಯೂಯಾರ್ಕ್‌ನಲ್ಲಿ 1950ರ ದಶಕದ ಮೊದಲಲ್ಲೇ, ಸ್ತನ ತೆಗೆಸಿಕೊಂಡ ಮಹಿಳೆಯೊಬ್ಬರು ಆಸ್ಪತ್ರೆಗಳಿಗೆ ಹೋಗಿ ಹೊಸದಾಗಿ ಆಪರೇಷನ್ ಆದವರ ಮಂಚದ ಪಕ್ಕ ಕೂತು ಕೈ ಆಡಿಸುವುದು ಹೇಗೆ, ಬಟ್ಟೆ ತೊಡುವುದು ಹೇಗೆ ಎಂದು ಹೇಳಿಕೊಡಲು ಶುರುಮಾಡಿದ್ದರು. ಮೊದಮೊದಲು ಕೆಲವು ಡಾಕ್ಟರುಗಳು ಅದನ್ನು ವಿರೋಧಿಸಿದ್ದರು. ಜಗತ್ತಿನ ಬಹಳಷ್ಟು ದೇಶಗಳಲ್ಲಿ ಇಂದು ಆ ಬಗೆಯ ಗುಂಪುಗಳಿವೆ. ಜಗತ್ ಓಣಿಯ ಈ ಬೇವಿನ ಕೆಳಗೂ ನಡೆಯುವುದು ಅದೇ ಕೆಲಸ.

ಸಮಾಲೋಚಕಿ ಒಂದು ಮಾತು ಹೇಳಿ ಸ್ವಲ್ಪ ತಡೆದರು. ಮಗಳ ಸಂಬಂಧ ಕೂಡಿಸುವಾಗ 'ತಾಯಿಗೆ ಅದು ಆಗಿತ್ತಂತ' ಎಂದು ಎದ್ದು ಹೋದವರ ಕತೆಗಳು ಇಲ್ಲಿ ಒಂದಲ್ಲ, ಹಲವು. ಸ್ತನ ಕ್ಯಾನ್ಸರುಗಳಲ್ಲಿ ನೇರವಾಗಿ ವಂಶದಿಂದ ಬರುವಂಥವು ನೂರರಲ್ಲಿ ಐದರಿಂದ ಹತ್ತು ಮಾತ್ರ ಎಂದು ಎಷ್ಟು ಸಲ ಹೇಳಿದರೂ ಆ ಮಾತು ಗಂಡಿನ ಮನೆಯವರಿಗೆ ಮುಟ್ಟುವುದಿಲ್ಲ. ತಟ್ಟೆ–ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ, ಮುಟ್ಟಿದರೆ ಅಂಟುವ ಕಾಯಿಲೆಯೇ ಇದಲ್ಲ. ಗಂಡ–ಹೆಂಡಿರ ನಡುವಿನ ಮಾತು ಇನ್ನೂ ಕಷ್ಟ. ಗುಳಿಗಿ, ಕೀಮೋ ಎರಡರಿಂದಲೂ ಮೈ ಒಣಗುತ್ತದೆ, ಕೂಡುವುದು ನೋವಾಗುತ್ತದೆ. ಅದಕ್ಕೆ ಉಪಾಯಗಳಿವೆ. ಕೇಳುವವರಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತ ಗಂಡಸರು ಆ ಕೋಣೆಗೆ ಒಂದು ಸಲವಾದರೂ ಬರಬೇಕು ಎಂಬ ಆಸೆ ಸಮಾಲೋಚಕಿಗೆ. ಬಂದವರು ಬೆರಳೆಣಿಕೆಯಷ್ಟು. ಗಂಡಂದಿರು ಬೇಡವೆಂದು ದೂರ ನಿಂತಿದ್ದಾರೋ, ಹೇಗೆ ಹತ್ತಿರ ಬರಬೇಕೆಂದು ತಿಳಿಯದೆ ನಿಂತಿದ್ದಾರೋ ಎಂಬುದನ್ನು ಅಷ್ಟು ಹೊತ್ತಿನಲ್ಲಿ ನಾನು ತೀರ್ಮಾನಿಸಲಾರೆ. ಚೀಲ ಹಿಡಿದು ಕೂತ ಆ ಮುದುಕರನ್ನು ನೋಡಿದರೆ ಎರಡನೆಯದೇ ಹೆಚ್ಚಿರಬಹುದು ಎನಿಸುತ್ತದೆ.

ಊಟಕ್ಕೆ ಎಲ್ಲರೂ ತಂದ ಗಂಟು ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೆಳಿಗ್ಗೆ ಹಲಗೆಯ ಮೇಲೆ ಬಡಿದ ಅಂಚು ಹರಿದ ರೊಟ್ಟಿಯನ್ನೂ ಹಂಚಿಕೊಂಡರು.

ಮಧ್ಯಾಹ್ನ ಫಿಸಿಯೋಥೆರಪಿಸ್ಟ್ ಜೊತೆ ಹುಮನಾಬಾದ್ ರಸ್ತೆಯ ಬಸ್ಸು ಹತ್ತಿದೆ. ಓಣಿಯ ಈ ಜಾಗದ್ದೇ ಇನ್ನೊಂದು ಕೋಣೆ ಕಮಲಾಪುರದಲ್ಲಿದೆ. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಕಪ್ಪು ನೆಲ ಕಳೆದು ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ. ಭೌಗೋಳಿಕ ಗುರುತು ಪಡೆದಿರುವ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಮಣ್ಣಿನಲ್ಲಿ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ನಡೆದರೆ ಸಿಗುವ ಒಂದೇ ಕೋಣೆ: ನಾಲ್ಕು ಕುರ್ಚಿ, ಗೋಡೆಯ ಮೇಲೆ ಅಂಥದೇ ಗೆರೆಗಳು, ಮೊಳೆಗೆ ನೇತುಹಾಕಿದ ಟೇಪು. ಇಬ್ಬರು ಆಶಾ ಕಾರ್ಯಕರ್ತೆಯರು ಸುತ್ತಲಿನ ಹಳ್ಳಿಗಳಿಂದ ಐದಾರು ಮಂದಿಯನ್ನು ಕರೆತಂದಿದ್ದರು. ಮೂವತ್ತು ದಾಟಿದ ಹೆಂಗಸರ ಸ್ತನ, ಗರ್ಭಕೊರಳು, ಬಾಯಿಯ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಗಂಟು ಪತ್ತೆಯಾದವರನ್ನು ಕಲಬುರಗಿಗೆ ಕಳಿಸುತ್ತಾರೆ. ಗುಣವಾಗಿ ಬಂದವರಿಗೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ, ಇಲ್ಲಿ ಬಂದು ಕಲಿತೆವು ಎಂದರು ಆಶಾಗಳಲ್ಲಿ ಹಿರಿಯರು. ದೇಶದಲ್ಲಿ 2022ರ ಒಂದೇ ವರ್ಷ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾದವರು ಸುಮಾರು 1.92 ಲಕ್ಷ ಎಂದು ಅಂತರರಾಷ್ಟ್ರೀಯ ಅಂದಾಜಿದೆ. ಬದುಕುಳಿಯುವವರು ಹೆಚ್ಚಿದಂತೆ ಇಂಥ ಕೋಣೆಗಳೂ ತಾಲ್ಲೂಕಿಗೊಂದರಂತೆ ಬೇಕು.

ಎಲ್ಲರೂ ಒಟ್ಟಿಗೆ ಬಾಳೆತೋಟದ ಬದುವಿನ ಮೇಲೆ ನಡೆಯಲು ಹೊರಟರು. ವಾರಕ್ಕೆ ಎರಡೂವರೆ ಗಂಟೆಯಷ್ಟು ಬಿರುಸಾಗಿ ನಡೆದರೆ ದಣಿವು ಕಡಿಮೆಯಾಗುತ್ತದೆ, ನಿದ್ದೆ ಬರುತ್ತದೆ, ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ಬೇಕಾದಷ್ಟು ಆಧಾರವಿದೆ. ಹಳ್ಳಿಯಲ್ಲಿ ಹೆಂಗಸು ಒಬ್ಬಳೇ ಸುಮ್ಮನೆ ನಡೆಯಲು ಹೊರಟರೆ ಎಲ್ಲಿಗೆ ಎಂದು ನಾಲ್ಕು ಜನ ಕೇಳುತ್ತಾರೆ. ಗುಂಪಾಗಿ ಹೊರಟರೆ ಕೇಳುವುದಿಲ್ಲ. ನಾನೂ ಅವರ ಹಿಂದೆ ನಡೆದೆ. ಮುಂದೆ ಹೋಗುತ್ತಿದ್ದ ಒಬ್ಬರ ಎಡಗೈ ಬಲಗೈಗಿಂತ ಸ್ಪಷ್ಟವಾಗಿ ದಪ್ಪವಿತ್ತು. ಬಾಳೆಗೊನೆ ಹೊರುವ ಕೂಲಿಗೆ ಮತ್ತೆ ಹೋಗಬಹುದೇ ಎಂದು ಅವರು ದಾರಿಯುದ್ದಕ್ಕೂ ಫಿಸಿಯೋಥೆರಪಿಸ್ಟ್ ಅನ್ನು ಕೇಳುತ್ತಿದ್ದರು. ಗೊನೆ ಈಗಲೇ ಬೇಡ, ಹಣ್ಣು ಬಿಡಿಸಿ ಜೋಡಿಸುವ ಕೆಲಸ ಮಾಡಿ, ಕೈ ಮೇಲೆ ಸ್ಲೀವ್ ಇರಲಿ ಎಂದರು ಆಕೆ.

ಸ್ಲೀವ್ ಎಲ್ಲಿದೆ ಎಂದು ನಾನು ಕೇಳಿದೆ. ಹಳೆಯದು ಸಡಿಲಾಗಿದೆ, ಹೊಸದು ಕಮಲಾಪುರದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಕಲಬುರಗಿಯಲ್ಲೂ ಅವರ ಅಳತೆಯದು ಇರಲಿಲ್ಲ, ಸೋಲಾಪುರಕ್ಕೆ ಹೇಳಿದ್ದಾರೆ. ಆ ಹೆಂಗಸು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಹೇಳಿದರು: 'ನೀವು ಪೇಪರಿನವ್ರೇನ್ರೀ? ಹಂಗಾರ ಇದು ಬರೀರಿ. ಇಲ್ಲಿ ಟೇಪ್ ಅದ, ಸ್ಲೀವ್ ಇಲ್ಲ. ಕಾರ್ಡಿನ್ಯಾಗ ಕೊಡ್ರಿ ಅಂತ ಬರೀರಿ. ನನ್ನ ಹೆಸರು ಬ್ಯಾಡ. ಅಳತಿ ಬೇಕಾದ್ರ ಬರ್ಕೋರಿ.' ಆಶಾ ಕಾರ್ಯಕರ್ತೆ ಅಲ್ಲೇ ಬದುವಿನ ಮೇಲೆ ನಿಂತು ಅವರ ಮುಂಗೈ, ಮೊಣಕೈ, ರಟ್ಟೆಯ ಅಳತೆ ಮತ್ತೊಮ್ಮೆ ತೆಗೆದು, ಸೋಲಾಪುರದ ಅಂಗಡಿಗೆ ಫೋನ್ ಹಚ್ಚಿದರು.